ಬಿಲ್ಲು ಹಿಡಿದು ಜಿಂಕೆಗೆ ಕಾಯುವ ಮೊದಲ ಸೀಸನ್: ಅಟ್ಟಣೆಯಿಂದ ಅಡುಗೆಮನೆಯವರೆಗೆ

ಪ್ರಶ್ನೆ: ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಹತ್ತಿರ. ಊರು ವಿರಾಜಪೇಟೆ ಕಡೆ. ಪಕ್ಕದ ಮನೆಯವರು ಪ್ರತಿ ವರ್ಷ ಬಿಲ್ಲಿನಲ್ಲಿ ಜಿಂಕೆ ಹೊಡೆಯುತ್ತಾರೆ, ನಮಗೂ ಒಂದಿಷ್ಟು ಮಾಂಸ ಕೊಡುತ್ತಾರೆ. ಈ ಸಲ "ನೀನೂ ಬಾ, ನನ್ನ ತಮ್ಮನ ಜಮೀನಿದೆ" ಅಂದಿದ್ದಾರೆ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ತೊಂದರೆ ಇದೆಯಾ? ಬೇಸಿಗೆಯಲ್ಲಿ ಒಂದು ಕಾಂಪೌಂಡ್ ಬಿಲ್ಲು ತಗೊಂಡೆ. ಸೆಪ್ಟೆಂಬರ್‌ನಲ್ಲೇ ಶುರು ಮಾಡಬಹುದಾ? ಮನೆಯಲ್ಲಿ ಜಿಂಕೆ ಮಾಂಸವನ್ನು ನಮ್ಮ ಕೊಡಗಿನ ಹಂದಿ ಸಾರು, ಪಂದಿ ಕರಿಯ ಹಾಗೆ ಮಾಡಿದರೆ ಒಮ್ಮೊಮ್ಮೆ ರಬ್ಬರಿನ ಹಾಗಾಗುತ್ತದೆ. ಯಾಕೆ?

ಉತ್ತರ: ವೀಸಾ ವಿಷಯ ಮೊದಲು ಮುಗಿಸಿಬಿಡೋಣ. ಇಲ್ಲಿನ ಕೇಂದ್ರ ಕಾನೂನು ನಿಮ್ಮಂಥ ವೀಸಾದವರಿಗೆ ತಡೆ ಹಾಕಿರುವುದು ಬಂದೂಕಿಗೆ. ಬಿಲ್ಲು ಬಂದೂಕಲ್ಲ, ಹಾಗಾಗಿ ಆ ತಡೆ ಅದಕ್ಕೆ ತಾಗುವುದಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಬಂದೂಕಿಗೂ ವಿನಾಯಿತಿ ಇದೆ, ಆದರೆ ಆ ದಾರಿ ಹಿಡಿಯುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿ. ಬಿಲ್ಲಿಗೆ ಬೇಕಾಗಿರುವುದು ರಾಜ್ಯದ ಆರ್ಚರಿ ಲೈಸೆನ್ಸ್. 1973ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಅದಕ್ಕೆ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಪಾಸಾಗಿರಬೇಕು. ಕೋರ್ಸ್ ಆಗದಿದ್ದರೂ ಇನ್ನೊಂದು ದಾರಿ ಇದೆ. ಅನುಭವಿಯೊಬ್ಬರ ಜೊತೆ, ಅವರ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದುಕೊಂಡು ಬೇಟೆಯಾಡಬಹುದು. ಅಂದರೆ ಇಬ್ಬರು ಕೂರುವ ಏಣಿ ಸ್ಟ್ಯಾಂಡ್, ಇಲ್ಲವೇ ನೆಲದ ಮೇಲಿನ ಡೇರೆ. ನಿಮ್ಮ ಪಕ್ಕದ ಮನೆಯವರು ಒಪ್ಪಿದರೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಆದರೂ ಕೋರ್ಸ್ ಮಾಡಿಬಿಡಿ, ಹೇಗೂ ಮುಂದೆ ಬೇಕಾಗುತ್ತದೆ.

ವಿಸ್ಕಾನ್ಸಿನ್ ಬಿಲ್ಲಿನ ಬೇಟೆಗೆ ಹಳೇ ಊರು. ಬಿಲ್ಲಿಗೆಂದೇ ಬೇರೆ ಸೀಸನ್ ಕೊಟ್ಟ ಮೊದಲ ರಾಜ್ಯ ಇದು, 1934ರಲ್ಲಿ. ಈಗ ಸೀಸನ್ ಸೆಪ್ಟೆಂಬರ್ 15ರ ಆಸುಪಾಸಿನ ಶನಿವಾರ ಶುರುವಾಗಿ ಜನವರಿ ಮೊದಲ ವಾರದವರೆಗೆ ನಡೆಯುತ್ತದೆ. ನಿಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತ ಮುಗಿದ ಹತ್ತು ಹನ್ನೆರಡು ದಿನಕ್ಕೆ ಅಂತ ಲೆಕ್ಕ ಇಟ್ಟುಕೊಳ್ಳಿ. ಊರಿನಲ್ಲಾದರೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಜಿಂಕೆ, ಕಡವೆ ಅಂತ ಬಾಯಲ್ಲಿ ಅಂದರೂ ಅಕ್ಕಪಕ್ಕ ನೋಡಬೇಕು, ಅದು ಸರಿಯೂ ಹೌದು. ಇಲ್ಲಿ ಬಿಳಿಬಾಲದ ಜಿಂಕೆ ಕಾರಿಗೆ ಅಡ್ಡ ಬರುವಷ್ಟು, ಜೋಳ-ಸೋಯಾ ಹೊಲ ಮೇಯುವಷ್ಟು ಇದೆ. ಎಷ್ಟು ಹೊಡೆಯಬೇಕು ಅಂತ ರಾಜ್ಯವೇ ಕೌಂಟಿವಾರು, ಅಂದರೆ ಜಿಲ್ಲೆವಾರು, ಲೆಕ್ಕ ಹಾಕುತ್ತದೆ. ಫೋಟೊ ಮಾತ್ರ ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಎಲ್ಲಿ ಹೊಡೆದದ್ದು ಅಂತ ವಿವರಿಸುವಷ್ಟರಲ್ಲಿ ನಿಮ್ಮಣ್ಣನಿಗೆ ಸಾಕಾಗಿರುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಸೆಪ್ಟೆಂಬರ್‌ನಲ್ಲಿ ಹೋಗಿ, ಆದರೆ ಬಿಲ್ಲಿಲ್ಲದೆ ಹೋಗಿ. ತಮಾಷೆಗೆ ಹೇಳುತ್ತಿಲ್ಲ. ನಾಲ್ಕು ಸಂಜೆ ಸುಮ್ನೆ ಅವರ ಪಕ್ಕ ಕೂತು ನೋಡಿ. ಜಿಂಕೆ ಯಾವ ಕಡೆಯಿಂದ ಬರುತ್ತದೆ, ಬಂದದ್ದು ಎಷ್ಟು ಹೊತ್ತು ಹೇಗೆ ನಿಲ್ಲುತ್ತದೆ, ಅವರು ಎಷ್ಟು ಸಲ ಬಿಲ್ಲು ಎತ್ತಿ ಮತ್ತೆ ಇಳಿಸುತ್ತಾರೆ ಅಂತ ನೋಡಿ. ಈ ಬೇಟೆಯಲ್ಲಿ ಕಲಿಯಬೇಕಾಗಿರುವುದು ಬಾಣ ಬಿಡದೆ ಇರುವುದನ್ನು. ಹತ್ತು ಸಲ ಜಿಂಕೆ ಬಂದರೆ ಎಂಟು ಒಂಬತ್ತು ಸಲ ಬಿಡಬಾರದ ಬಾಣವೇ.

ಅಷ್ಟರಲ್ಲಿ ಮನೆಯಲ್ಲೊಂದು ಪರೀಕ್ಷೆ ಮಾಡಿಕೊಳ್ಳಿ. ಬೆಳಿಗ್ಗೆ ಎದ್ದು, ಕೈ ಬಿಸಿ ಮಾಡಿಕೊಳ್ಳದೆ, 20 ಗಜ ದೂರಕ್ಕೆ ಒಂದೇ ಒಂದು ಬಾಣ ಬಿಡಿ. ಸಣ್ಣ ತಿಂಡಿ ತಟ್ಟೆಯಷ್ಟು, ಅಂದರೆ ಆರಿಂಚು ಅಗಲದೊಳಗೆ ಬೀಳಬೇಕು. ಆಮೇಲೆ ಬಿಟ್ಟ ಮೂವತ್ತು ಬಾಣ ಎಷ್ಟು ಚೆನ್ನಾಗಿ ಬಿದ್ದವು ಅನ್ನುವುದು ಲೆಕ್ಕಕ್ಕಿಲ್ಲ. ಕಾಡಿನಲ್ಲಿ ಸಿಗುವುದು ಆ ಮೊದಲನೆಯದೊಂದೇ. ಹದಿನೈದು ದಿನ ಬಿಡದೆ ಹೀಗೆ ಮಾಡಿ. ಹದಿನಾಲ್ಕು ದಿನ ತಟ್ಟೆಯೊಳಗೆ ಬಿದ್ದರೆ ನೀವು ಅಕ್ಟೋಬರ್‌ಗೆ ತಯಾರು. ಬೇಟೆಗೆ ಹಾಕುವ ಅಲಗಿನ ಬಾಣದಲ್ಲೂ ಕೊನೆಗೆ ಒಮ್ಮೆ ಹೊಡೆದು ನೋಡಿ. ಅಭ್ಯಾಸದ ಮೊನೆ ಬಿದ್ದಲ್ಲೇ ಅಲಗು ಬೀಳುತ್ತದೆ ಅಂತೇನಿಲ್ಲ.

ಬಿಲ್ಲು ಎಷ್ಟು ಬಿಗಿ ಇರಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಜಿಂಕೆಗೆ ಕನಿಷ್ಠ 30 ಪೌಂಡ್ ಇರಬೇಕು ಅಂತ ನಿಯಮ. 50 ಇದ್ದರೆ ಧಾರಾಳ ಸಾಕು. ಕಾಂಪೌಂಡ್ ಬಿಲ್ಲನ್ನು ಕಂಡುಹಿಡಿದದ್ದು ಮಿಸೌರಿಯ ಹಾಲಿಸ್ ವಿಲ್ಬರ್ ಅಲೆನ್. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಅದರ ತುದಿಯ ಚಕ್ರಗಳ ಉಪಾಯ ಏನೆಂದರೆ, ಎಳೆಯುವಾಗ ಪೂರ್ತಿ ಭಾರ, ಎಳೆದು ಹಿಡಿದಮೇಲೆ ಸ್ವಲ್ಪವೇ ಭಾರ. 80 ಪರ್ಸೆಂಟ್ ಇಳಿಯುವ ಬಿಲ್ಲಾದರೆ 50 ಪೌಂಡಿನದನ್ನು ಹಿಡಿದು ನಿಲ್ಲಿಸಲು 10 ಪೌಂಡಿನಷ್ಟು ಬಲ ಸಾಕು. ಜಿಂಕೆ ಮರದ ಹಿಂದೆ ಒಂದು ನಿಮಿಷ ನಿಂತರೂ ಕೈ ನಡುಗುವುದಿಲ್ಲ. ಆದರೆ ಚಳಿಯಲ್ಲಿ ಮೂರು ತಾಸು ಕೂತು ಮೈ ಮರಗಟ್ಟಿದಾಗ ಆ ಮೊದಲ 50 ಪೌಂಡೇ ಬೆಟ್ಟವಾಗುತ್ತದೆ. ಕುರ್ಚಿಯಲ್ಲಿ ಕೂತು, ಬಿಲ್ಲನ್ನು ಮೇಲೆತ್ತದೆ, ಸದ್ದಿಲ್ಲದೆ ನೇರ ಎಳೆಯಲು ಬರುತ್ತದಾ ನೋಡಿ. ಬರದಿದ್ದರೆ ಭಾರ ಇಳಿಸಿ. ಮರ್ಯಾದೆ ಏನೂ ಹೋಗುವುದಿಲ್ಲ.

20 ಗಜಕ್ಕಿಂತ ದೂರ ಮೊದಲ ವರ್ಷ ಬೇಡ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಸಾಧಾರಣ ಬಾಣ ಸೆಕೆಂಡಿಗೆ 270-280 ಅಡಿ ಹೋಗುತ್ತದೆ, ಶಬ್ದ ಸುಮಾರು 1,100 ಅಡಿ. 40 ಗಜ ಅಂದರೆ 120 ಅಡಿ. ಹೆದೆಯ ಸದ್ದು ಜಿಂಕೆಯ ಕಿವಿಗೆ ಮುಟ್ಟಲು ಸೆಕೆಂಡಿನ ಹತ್ತರಲ್ಲೊಂದು ಪಾಲು ಸಾಕು. ಬಾಣಕ್ಕೆ ಬೇಕಾದದ್ದು ಅದರ ನಾಲ್ಕು ಪಟ್ಟು. ಆ ನಡುವಿನ ಹೊತ್ತಿನಲ್ಲಿ ಜಿಂಕೆ ಓಡಿಹೋಗುವುದಿಲ್ಲ, ಓಡುವುದಕ್ಕೆ ಕಾಲು ಮಡಚಿ ಮೈ ತಗ್ಗಿಸುತ್ತದೆ. ಅರ್ಧ ಅಡಿ ತಗ್ಗಿದರೆ ಮುಗಿಯಿತು, ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೆ ಹೋಯಿತು. 20 ಗಜದಲ್ಲಿ ಈ ನಡುವಿನ ಹೊತ್ತು ಅರ್ಧಕ್ಕರ್ಧ ಕಡಿಮೆ.

ಅಟ್ಟಣೆಗೆ ಬರೋಣ. ಮಲೆನಾಡಿನಲ್ಲಿ ಮರಸು ಕೂರುವುದು ಅಂತಾರಲ್ಲ, ಇದೂ ಅದೇ. ಹಲಗೆಯ ಬದಲು ಕಬ್ಬಿಣದ ಸ್ಟ್ಯಾಂಡ್ ಅಷ್ಟೆ. ಇದರಲ್ಲಿ ಜನ ಕೈಕಾಲು ಮುರಿದುಕೊಳ್ಳುವುದು ಬಾಣದಿಂದಲ್ಲ, ಬಿದ್ದು. ಹತ್ತುವಾಗ, ಇಳಿಯುವಾಗ, ಏಣಿಯಿಂದ ಸ್ಟ್ಯಾಂಡಿಗೆ ಕಾಲು ದಾಟಿಸುವಾಗ. ಮೈಗೆ ಪೂರ್ತಿ ಹಾರ್ನೆಸ್ ಹಾಕಿ. ಬುಡದಿಂದ ತುದಿಯವರೆಗೆ ಲೈಫ್‌ಲೈನ್ ಹಗ್ಗ ಕಟ್ಟಿರಬೇಕು. ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಅದಕ್ಕೆ ಸಿಕ್ಕಿಸಿಕೊಂಡೇ ಇರಬೇಕು. ಬಿಲ್ಲನ್ನು ಕೆಳಗೆ ಬಿಟ್ಟು ಹತ್ತಿ, ಆಮೇಲೆ ಹಗ್ಗದಲ್ಲಿ ಮೇಲಕ್ಕೆಳೆದುಕೊಳ್ಳಿ. ಹಳೇ ಸ್ಟ್ಯಾಂಡಿನ ಪಟ್ಟಿಗಳನ್ನು ಪ್ರತಿ ವರ್ಷ ಬದಲಾಯಿಸಬೇಕು. ಬಿಸಿಲಿಗೆ ಒಣಗಿ, ಅಳಿಲು ಕಚ್ಚಿ ಪಿಸಿದಿರುತ್ತವೆ. 15-18 ಅಡಿ ಎತ್ತರ ಸಾಕು. ಇನ್ನೂ ಮೇಲೆ ಹೋದರೆ ಜಿಂಕೆಗೆ ಕಾಣುವುದು ಕಡಿಮೆಯಾಗಬಹುದು, ಆದರೆ ಬಾಣದ ಕೋನ ಕೆಡುತ್ತದೆ. ನೇರ ಕಾಲಡಿಗೆ ಬಂದ ಜಿಂಕೆ ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅಲ್ಲ. ಮೇಲಿನಿಂದ ನೆಟ್ಟಗೆ ಇಳಿದ ಬಾಣ ಒಂದೇ ಶ್ವಾಸಕೋಶಕ್ಕೆ ತಾಗುತ್ತದೆ, ಒಂದರಲ್ಲಿ ಜಿಂಕೆ ಮೈಲಿಗಟ್ಟಲೆ ಹೋಗಬಹುದು.

ಎಲ್ಲಕ್ಕಿಂತ ಮುಖ್ಯ ಗಾಳಿ. ಜಿಂಕೆ ಬರುವ ದಿಕ್ಕಿನಿಂದ ನಿಮ್ಮ ಕಡೆಗೆ ಗಾಳಿ ಬೀಸುತ್ತಿರಬೇಕು. ಗಾಳಿ ಇಲ್ಲದ ದಿನವೂ ಇಳಿಜಾರಿನಲ್ಲಿ ಹವಾ ಸುಮ್ಮನಿರುವುದಿಲ್ಲ. ಬೆಳಿಗ್ಗೆ ಬಿಸಿಲು ಏರಿದ ಹಾಗೆ ಮೇಲಕ್ಕೇರುತ್ತದೆ, ಸಂಜೆ ತಂಪಾದಂತೆ ನೀರಿನ ಹಾಗೆ ತಗ್ಗಿಗೆ ಇಳಿಯುತ್ತದೆ. ಅದಕ್ಕೇ ಬೆಳಗಿನ ಜಾಗ, ಸಂಜೆಯ ಜಾಗ ಬೇರೆ ಬೇರೆ. ಗಾಳಿ ತಪ್ಪಾದ ದಿನ ಒಳ್ಳೆಯ ಅಟ್ಟಣೆಗೆ ಹೋಗಲೇಬೇಡಿ. ಒಂದು ಸಲ ವಾಸನೆ ಹಿಡಿದ ಮುದಿ ಹೆಣ್ಣು ಜಿಂಕೆ ಇಡೀ ತಿಂಗಳು ಆ ಮರವನ್ನು ತಲೆಯೆತ್ತಿ ನೋಡಿಕೊಂಡೇ ಹೋಗುತ್ತದೆ. ನಮ್ಮ ಮನೆಗಳಿಗೆ ಇನ್ನೊಂದು ಮಾತು. ಬೇಟೆಯ ಜಾಕೆಟ್ಟನ್ನು ಅಡುಗೆಮನೆ ಪಕ್ಕದ ಗೂಟಕ್ಕೆ ನೇತುಹಾಕಬೇಡಿ. ಇಂಗಿನ ಒಗ್ಗರಣೆ ಹೀರಿಕೊಂಡ ಜಾಕೆಟ್ ಹಾಕಿಕೊಂಡು ಕಾಡಿಗೆ ಹೋದರೆ ಅಟ್ಟಣೆ ಯಾವ ಮರದಲ್ಲಿದೆ ಅಂತ ನೀವೇ ಹೇಳಿಕಳಿಸಿದ ಹಾಗೆ. ನಾನು ಅದನ್ನು ಗ್ಯಾರೇಜಿನಲ್ಲಿ, ಒಣಗಿದ ಓಕ್ ಎಲೆ ತುಂಬಿದ ಡಬ್ಬದಲ್ಲಿ ಇಡುತ್ತೇನೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಬಿಳಿ ಓಕ್ ಕಾಯಿ ಉದುರುವ ಕಡೆ ಕೂರಿ. ಅದು ಉದುರುತ್ತಿದ್ದರೆ ಜೋಳದ ಹೊಲವನ್ನೂ ಬಿಟ್ಟು ಬರುತ್ತವೆ. ನವೆಂಬರ್ ಮೊದಲ ಎರಡು ವಾರ ಬೆದೆಯ ಕಾಲ. ಹಗಲು ಕುಗ್ಗುವುದೇ ಅದಕ್ಕೆ ಗಡಿಯಾರ, ಹಾಗಾಗಿ ವರ್ಷವರ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಆಗ ಗಂಡುಗಳಿಗೆ ಮೈಮೇಲೆ ಎಚ್ಚರ ಇರುವುದಿಲ್ಲ, ನಡುಹಗಲಲ್ಲೂ ಓಡಾಡುತ್ತವೆ. ಎಲ್ಲರೂ ಅದಕ್ಕೇ ಕಾಯುತ್ತಾರೆ. ನೀವು ಕಾಯಬೇಡಿ. ಮೊದಲನೆಯದು ಅಕ್ಟೋಬರ್‌ನ ಒಂದು ಹೆಣ್ಣು ಜಿಂಕೆಯಾಗಲಿ. ಕೊಂಬಿನ ಆಸೆ ತಲೆಗೆ ಹತ್ತಿದರೆ ಬಿಡಬಾರದ ಬಾಣ ಬಿಡುತ್ತೀರಿ. ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಬಂದೂಕಿನ ಸೀಸನ್. ಆಗ ಬಿಲ್ಲಿನವರೂ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಹೊಳೆಯುವ ಜಾಕೆಟ್ ಹಾಕಲೇಬೇಕು.

ಜಿಂಕೆ ಬಂತು ಅಂದುಕೊಳ್ಳಿ. ಎರಡೇ ನಿಲುವಿನಲ್ಲಿ ಬಾಣ ಬಿಡಿ: ಪೂರ್ತಿ ಪಕ್ಕಕ್ಕೆ ನಿಂತಾಗ, ಇಲ್ಲವೇ ಪಕ್ಕಕ್ಕೆ ನಿಂತು ಸ್ವಲ್ಪ ಆಚೆ ತಿರುಗಿದಾಗ. ಎದುರು ಮುಖ, ಹಿಂಭಾಗ, ನಡೆಯುತ್ತಿರುವಾಗ ಯಾವುದೂ ಬೇಡ. ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಪಾಲಿನಿಂದ ಸ್ವಲ್ಪ ಮೇಲೆ ಗುರಿ ಇಡಿ. ಮೇಲಿನಿಂದ ಬಿಡುವಾಗ ಬಾಣ ಆಚೆ ಎಲ್ಲಿ ಹೊರಬರುತ್ತದೆ ಅಂತ ಯೋಚಿಸಿ, ಆಚೆ ಮುಂಗಾಲನ್ನು ಮನಸ್ಸಿನಲ್ಲಿ ನೋಡಿಕೊಳ್ಳಿ. ಸೊಂಟದಿಂದ ಬಗ್ಗಬೇಕು, ತೋಳನ್ನಷ್ಟೇ ಇಳಿಸಬಾರದು. ಎರಡೂ ಶ್ವಾಸಕೋಶಕ್ಕೆ ಬಿದ್ದರೆ ಜಿಂಕೆ ನೂರು ಗಜದ ಆಸುಪಾಸಿನಲ್ಲಿ, ಕೆಲವೇ ಸೆಕೆಂಡಿನಲ್ಲಿ ಬೀಳುತ್ತದೆ. ಎಷ್ಟೋ ಸಲ ಬೀಳುವ ಸದ್ದು ಅಟ್ಟಣೆಗೇ ಕೇಳುತ್ತದೆ.

ಬಾಣ ಬಿಟ್ಟಮೇಲೆ ಇಳಿಯಬೇಡಿ. ಜಿಂಕೆ ನಿಂತಿದ್ದ ಜಾಗ, ಕೊನೆಗೆ ಕಂಡ ಮರ, ಎರಡನ್ನೂ ಗುರುತು ಹಾಕಿಕೊಂಡು ಅರ್ಧ ಗಂಟೆ ಕೂರಿ. ಆಮೇಲೆ ಇಳಿದು ಮೊದಲು ಬಾಣ ಹುಡುಕಿ. ಗುಳ್ಳೆ ಗುಳ್ಳೆಯಾದ ತಿಳಿಗೆಂಪು ರಕ್ತ ಇದ್ದರೆ ಶ್ವಾಸಕೋಶ, ನಡೆಯಿರಿ. ಕಡುಗೆಂಪು, ನೊರೆ ಇಲ್ಲ ಅಂದರೆ ಪಿತ್ತಜನಕಾಂಗ ಇರಬಹುದು, ನಾಲ್ಕಾರು ತಾಸು ಕಾಯಬೇಕು. ಹಸಿರು ಕೊಳೆ, ಹೊಟ್ಟೆಯ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಎಂಟರಿಂದ ಹನ್ನೆರಡು ತಾಸು ಆ ಕಡೆ ತಲೆ ಹಾಕಬಾರದು.

ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ನನ್ನ ಮೂರನೇ ಸೀಸನ್, ಅಕ್ಟೋಬರ್ ಕೊನೆ, ಕತ್ತಲಾಗಲು ಇಪ್ಪತ್ತು ನಿಮಿಷ ಇತ್ತು. 27 ಗಜ ದೂರದಲ್ಲಿ ಒಂದು ಹೆಣ್ಣು. ಬಿಟ್ಟೆ. ಅದು ಬೆನ್ನು ಗೂನು ಮಾಡಿಕೊಂಡು ಓಡದೆ ನಡೆದುಕೊಂಡು ಹೋಯಿತು. ಆ ನಡಿಗೆ ಕಂಡಾಗಲೇ ತಿಳಿಯಬೇಕಿತ್ತು. ಮೇಲೆ ಕೂರಲಾರದೆ ಹತ್ತು ನಿಮಿಷಕ್ಕೇ ಇಳಿದೆ. ಬಾಣ ಮೂಗಿಗೆ ಹಿಡಿದರೆ ಸೆಗಣಿಯ ವಾಸನೆ. ಆದರೂ ಹೆಡ್‌ಲ್ಯಾಂಪ್ ಹಾಕಿಕೊಂಡು ಹಿಂದೆ ಹೋದೆ. ನೂರು ಗಜದಲ್ಲಿ, ನೆಲ್ಲಿಯಂಥ ಪೊದೆಯ ಬುಡದಲ್ಲಿ ಮಲಗಿದ್ದದ್ದು ಎದ್ದು ಓಡಿತು. ಆಮೇಲೆ ಒಂದು ಹನಿ ರಕ್ತ ಸಿಗಲಿಲ್ಲ. ಮರುದಿನ ಇಡೀ ಹಗಲು ಮಂಡಿಯೂರಿ ಹುಡುಕಿದೆ. ಮೂರನೇ ದಿನ ಕಾಗೆಗಳು ತೋರಿಸಿಕೊಟ್ಟವು. ಸುಮ್ಮನೆ ಮನೆಗೆ ಹೋಗಿ ಬೆಳಿಗ್ಗೆ ಬಂದಿದ್ದರೆ ಅದು ಆ ಪೊದೆಯಲ್ಲೇ ಸಿಗುತ್ತಿತ್ತು. ಈಗ ಅಂಥದ್ದೇನಾದರೂ ಆದರೆ ಹಗ್ಗ ಕಟ್ಟಿದ ಜಾಡು ನಾಯಿ ತರುವವರಿಗೆ ಫೋನ್ ಮಾಡುತ್ತೇನೆ, ವಿಸ್ಕಾನ್ಸಿನ್‌ನಲ್ಲಿ ಅದಕ್ಕೆ ಅವಕಾಶ ಇದೆ. ಜಾಡು ಪಕ್ಕದವರ ಬೇಲಿ ದಾಟಿದರೆ ಅವರನ್ನು ಕೇಳಿಯೇ ಒಳಗೆ ಹೋಗಬೇಕು.

ಸಿಕ್ಕಿತು ಅಂದರೆ ಅಲ್ಲಿಂದ ಅಡುಗೆ ಶುರು. ಮಾಂಸದ ರುಚಿ ಮಸಾಲೆಯಲ್ಲಿಲ್ಲ, ಮೊದಲ ಎರಡು ಮೂರು ತಾಸಿನಲ್ಲಿದೆ. ಅಲ್ಲೇ ಕರುಳು ತೆಗೆಯಬೇಕು. ಅಂಗಾತ ಮಲಗಿಸಿ, ಎದೆಮೂಳೆಯ ಕೆಳಗೆ ಸಣ್ಣ ತೂತು ಮಾಡಿ, ಎರಡು ಬೆರಳಿನಿಂದ ಚರ್ಮವನ್ನು ಮೇಲಕ್ಕೆತ್ತಿ ಹಿಡಿದು, ಆ ಬೆರಳುಗಳ ನಡುವೆ ಚಾಕುವಿನ ಬಾಯಿ ಮೇಲೆ ಮಾಡಿ ಸೀಳುತ್ತಾ ಹೋಗಿ. ಹೊಟ್ಟೆಚೀಲ, ಮೂತ್ರಕೋಶ ಒಡೆಯಬಾರದು, ಇದೊಂದೇ ಸೂತ್ರ. ಎದೆ-ಹೊಟ್ಟೆಯ ನಡುವಿನ ಪೊರೆ ಕತ್ತರಿಸಿ, ಒಳಗೆ ಕೈ ಹಾಕಿ ಗಂಟಲ ಕೊಳವೆ ಕೊಯ್ದು ಎಳೆದರೆ ಎಲ್ಲ ಒಟ್ಟಿಗೆ ಬರುತ್ತದೆ. ಊರಿನಲ್ಲಿ ಕುರಿ ಕೊಯ್ಯುವುದನ್ನು ನೋಡಿದವರಿಗೆ ಹೊಸದೇನಲ್ಲ. ಸೆಪ್ಟೆಂಬರ್‌ನಲ್ಲಿ ಇಲ್ಲೂ 25 ಡಿಗ್ರಿ ಸೆಕೆ ಇರುತ್ತದೆ, ಹಾಗಾಗಿ ಕಾರಿನಲ್ಲಿ ಎರಡು ಮೂಟೆ ಐಸ್ ಇಟ್ಟುಕೊಂಡೇ ಹೋಗಿ. 4 ಡಿಗ್ರಿಗಿಂತ ಕೆಳಗೆ ಬೇಗ ಇಳಿಸಬೇಕು. ಮರುದಿನ ಸಂಜೆ 5 ಗಂಟೆಯೊಳಗೆ ಜಿಂಕೆಯನ್ನು ಆನ್‌ಲೈನಿನಲ್ಲಿ ಅಥವಾ ಫೋನಿನಲ್ಲಿ ನೋಂದಾಯಿಸುವುದು ಮರೆಯಬೇಡಿ.

ಇನ್ನು ಒಂದು ರೋಗದ ವಿಷಯ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಇಲ್ಲಿನವರ ಬಾಯಲ್ಲಿ ಸಿಡಬ್ಲ್ಯುಡಿ. ವಿಸ್ಕಾನ್ಸಿನ್‌ನಲ್ಲಿ ಅದು ಮೊದಲು ಸಿಕ್ಕಿದ್ದು 2002ರಲ್ಲಿ, ನಿಮ್ಮದೇ ಕೌಂಟಿಯಲ್ಲಿ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುವ ಮಿದುಳಿನ ರೋಗ ಇದು. ಮನುಷ್ಯರಿಗೆ ಬಂದದ್ದಕ್ಕೆ ಇದುವರೆಗೆ ಪುರಾವೆ ಇಲ್ಲ. ಆದರೂ ರೋಗ ಇರುವ ಕಡೆ ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದರೆ ತಿನ್ನಬೇಡಿ ಅಂತ ಅಮೆರಿಕದ ಕೇಂದ್ರ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ನೋಡುವುದಕ್ಕೆ ದಷ್ಟಪುಷ್ಟವಾಗಿದ್ದ ಜಿಂಕೆಗೂ ಇರಬಹುದು. ಪ್ರಿಯಾನ್ ಬೇಯಿಸಿದರೆ ಸಾಯುವಂಥದ್ದಲ್ಲ, ಕುಕ್ಕರ್ ಎಷ್ಟು ಸೀಟಿ ಕೂಗಿಸಿದರೂ ಅಷ್ಟೆ. ರಾಜ್ಯದ ಪರೀಕ್ಷೆ ಉಚಿತ. ತಲೆಯನ್ನು ಕೊಟ್ಟುಬಿಟ್ಟರೆ ಕುತ್ತಿಗೆಯ ಗ್ರಂಥಿ ತೆಗೆದು ನೋಡುತ್ತಾರೆ. ನಮ್ಮವರಿಗೆ ಒತ್ತಿ ಹೇಳುವುದು ಇದನ್ನೇ: ಕುರಿಯ ತಲೆಮಾಂಸದ ಅಭ್ಯಾಸ ಇಲ್ಲಿ ಬೇಡ. ಮಿದುಳು, ಕಣ್ಣು, ಬೆನ್ನುಹುರಿ, ಗುಲ್ಮ ಯಾವುದನ್ನೂ ಪಾತ್ರೆಗೆ ಹಾಕಬೇಡಿ. ಬೆನ್ನುಮೂಳೆ ಗರಗಸದಲ್ಲಿ ಕೊಯ್ಯಬೇಡಿ, ಮಾಂಸವನ್ನು ಮೂಳೆಯಿಂದ ಬಿಡಿಸಿಕೊಳ್ಳಿ. ಫಲಿತಾಂಶ ಬರುವ ತನಕ ಪೊಟ್ಟಣಗಳು ತಾರೀಖು ಬರೆಸಿಕೊಂಡು ಫ್ರೀಜರಿನಲ್ಲಿ ಕಾಯಲಿ.

ರಬ್ಬರಿನ ಪ್ರಶ್ನೆಗೆ ಈಗ ಉತ್ತರ. ಪಕ್ಕದ ಮನೆಯವರು ನಿಮಗೆ ಪ್ರೀತಿಯಿಂದ ಒಳ್ಳೆಯ ಭಾಗವನ್ನೇ ಕೊಟ್ಟಿರುತ್ತಾರೆ, ಬೆನ್ನಿನುದ್ದದ ಬ್ಯಾಕ್‌ಸ್ಟ್ರಾಪ್. ನೀವು ಅದನ್ನು ತುಂಡು ಮಾಡಿ ಮುಕ್ಕಾಲು ಗಂಟೆ ಕುದಿಸಿದ್ದೀರಿ. ಅದರಲ್ಲಿ ಕೊಬ್ಬೂ ಇಲ್ಲ, ಬೆಂದು ಕರಗುವ ನಾರೂ ಇಲ್ಲ. ನೀರೆಲ್ಲ ಹೊರಗೆ ಹೋಗಿ ರಬ್ಬರಾಗದೆ ಏನಾಗಬೇಕು? ಹಂದಿಯಲ್ಲಿ ಕೊಬ್ಬು ಕಾಪಾಡುತ್ತದೆ, ಇದರಲ್ಲಿ ಕಾಪಾಡುವವರಿಲ್ಲ. ಬ್ಯಾಕ್‌ಸ್ಟ್ರಾಪಿಗೆ ಉಪ್ಪು, ಕುಟ್ಟಿದ ಕರಿಮೆಣಸು ಹಚ್ಚಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಎಲ್ಲ ಕಡೆ ಕಂದಿಸಿ, ನಡುವೆ ಇನ್ನೂ ಕೆಂಪಿರುವಾಗಲೇ ತೆಗೆದು ಹತ್ತು ನಿಮಿಷ ಬಿಟ್ಟು ಕೊಯ್ಯಿರಿ. ಮನೆಯಲ್ಲಿ ಬಸುರಿಯರಿದ್ದರೆ ಮಾತ್ರ ಅವರಿಗೆ ಪೂರ್ತಿ ಬೇಯಿಸಿಯೇ ಕೊಡಿ.

ಕರಿಗೆ ಬೇಕಾದದ್ದು ಮುಂಭುಜ, ಕುತ್ತಿಗೆ, ಮೊಣಕಾಲ ಮಾಂಸ. ಅಂದರೆ ಇಲ್ಲಿನವರು ಕೀಮಾ ಮಾಡಿಬಿಡುವ ಭಾಗ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಮೇಲಿನ ಬಿಳಿ ಕೊಬ್ಬನ್ನು ಪೂರ್ತಿ ಕೆರೆದು ತೆಗೆಯಿರಿ. ಜಿಂಕೆ ಕೊಬ್ಬು ಆರಿದ ಕೂಡಲೇ ಮೇಣದ ಹಾಗೆ ಬಾಯಿಯ ಅಂಗುಳಕ್ಕೆ ಅಂಟುತ್ತದೆ, "ಕಾಡು ವಾಸನೆ" ಅಂತ ಜನ ಅನ್ನುವುದರ ಮುಕ್ಕಾಲು ಪಾಲು ಅದೇ. ಬದಲಿಗೆ ತೆಂಗಿನೆಣ್ಣೆ ಧಾರಾಳ ಹಾಕಿ. ಮೆಣಸು, ಜೀರಿಗೆ, ಕೊತ್ತಂಬರಿ, ಸಾಸಿವೆಯನ್ನು ಪಂದಿ ಕರಿಗೆ ಹುರಿಯುವ ಹಾಗೇ ಕಪ್ಪಾಗುವವರೆಗೆ ಹುರಿಯಿರಿ. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಎರಡೂವರೆ ತಾಸು. ಒಂದೂವರೆ ತಾಸಿಗೆ ತೆಗೆದು ನೋಡಿದರೆ ಗಟ್ಟಿಯೇ ಇರುತ್ತದೆ, ಹೆದರಬೇಡಿ. ಆಮೇಲೆ ಅದು ಒಮ್ಮೆಲೇ ಸಡಿಲ ಆಗುತ್ತದೆ. ಕಾಚಂಪುಳಿ, ಅಂದರೆ ಕೊಡಗಿನ ಆ ಕಪ್ಪು ಹುಳಿ, ಕೊನೆಯ ಹತ್ತು ನಿಮಿಷಕ್ಕೆ, ಕಿಲೋಗೆ ಒಂದು ಚಮಚ.

ನನಗೆ ಸಾಧಾರಣ ಒಂದು ಹೆಣ್ಣು ಜಿಂಕೆಯಿಂದ ಹದಿನೆಂಟು ಕಿಲೋ ಮೂಳೆ ಇಲ್ಲದ ಮಾಂಸ ಸಿಗುತ್ತದೆ. ಇದನ್ನು ಮಾರುವ ಹಾಗಿಲ್ಲ, ಹಂಚಬಹುದು. ಮೊದಲ ಪೊಟ್ಟಣ ಜಮೀನು ಕೊಟ್ಟ ತಮ್ಮನಿಗೆ ಹೋಗಲಿ, ಅದೂ ಮೊಣಕಾಲಲ್ಲ, ಬ್ಯಾಕ್‌ಸ್ಟ್ರಾಪ್. ಜೊತೆಗೊಂದು ಡಬ್ಬಿಯಲ್ಲಿ ಕರಿಯನ್ನೂ ಕೊಟ್ಟು ನೋಡಿ. ನಾನು ಹಾಗೆ ಮಾಡಿದ ಮರುವರ್ಷ, ನನಗೆ ಜಾಗ ಕೊಡುವ ರೈತರು ಆಗಸ್ಟ್‌ನಲ್ಲೇ ಫೋನ್ ಮಾಡಿ ಕೇಳಿದ್ದು ಜಿಂಕೆಯ ಸುದ್ದಿಯನ್ನಲ್ಲ. "ಆ ಕಪ್ಪು ಹುಳಿ ಊರಿಂದ ಬಂತಾ?" ಅಂತ.